ಮೊದಲು ನೀರು

ಇದ್ದಿಲ ಗ್ಯಾಸಿನಿಂದ ಓಡುವ ಬಸ್ಸು ಕಲ್ಯಾಣದುರ್ಗದಲ್ಲಿ ನಿಂತಾಗ ಇಳಿದವನು ಕೊಟ್ಟೂರಪ್ಪ ಒಬ್ಬನೇ. ಕಂಕುಳಲ್ಲಿ ಹೊಸದಾಗಿ ಹುರಿದು ಬೀಸಿದ ಕಾಫಿಪುಡಿಯ ಡಬ್ಬ.

"ವಾಂತಿಭೇದಿ ಊರಾಗೆ ಯಾಕ್ ಇಳೀತೀಯ ಸಾಮೀ? ಬೀದೀಲಿ ಎವರೂ ಲೇರು, ಒಬ್ರೂ ಇಲ್ಲ" ಎಂದ ಕಂಡಕ್ಟರು.

ಕೊಟ್ಟೂರಪ್ಪ ನಕ್ಕುಬಿಟ್ಟ. "ನಮ್ ತಂಗಿ ಗಂಡಂದು ಕಾಫಿ ಕ್ಲಬ್ಬೈತೆ ಕಣಯ್ಯ, ಹೋಗಿ ನೋಡು, ಜನ ಕಿಕ್ಕಿರಿದಿರ್ತಾರೆ. ಕುದ್ದ ನೀರಿನ ಕಾಫಿ ಇರೋ ಕಡೆ ವಾಂತಿಭೇದಿಗೇನು ಕೆಲಸ?"

ಹಿಂದೂಪುರದ ಸ್ಟೇಷನ್ ಬೀದಿಯಲ್ಲಿ ಅವನದೂ ಒಂದು ಕ್ಲಬ್ಬು. ಕಾಫಿ ಎಂದರೆ ಅವನಿಗೆ ಹುಚ್ಚು. ಪರಿಗಿಯ ಸಂತೆಯಲ್ಲಿ ಟೀ ಪುಡಿಯವರು ಗ್ರಾಮಫೋನು ಹಾಡಿಸಿ ಪುಕ್ಕಟೆ ಟೀ ಹಂಚಿದರೆ ಇವನು ಪಕ್ಕದಲ್ಲೇ ಒಲೆ ಹೂಡಿ, "ಬಿಳೀ ದೊರೆಗಳ ಸೊಪ್ಪಿನ ಕಷಾಯ ಯಾಕ್ರಪ್ಪ, ನಮ್ ಬಾಬಾಬುಡನ್‌ಗಿರಿ ಬೀಜ ಕುಡೀರಿ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಆ ಗಿರಿಯ ಎಷ್ಟೋ ತೋಟಗಳ ದೊರೆಗಳೂ ಬಿಳಿಯರೇ ಎಂದು ಯಾರಾದರೂ ಹೇಳಿದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಕೇಳಿದವರಿಗೆಲ್ಲ ಕಾಫಿ ಮಾಡುವುದನ್ನು ಕಲಿಸುತ್ತಿದ್ದ, ಕೇಳದವರಿಗೂ ಕಲಿಸುತ್ತಿದ್ದ. ತಂಗಿಯ ಗಂಡ ಶಿವಯೋಗಪ್ಪ ಅವನ ಮೆಚ್ಚಿನ ಶಿಷ್ಯ. ಬೀಜ ಹುರಿಯುವ ಹದ, ಡಿಕಾಕ್ಷನ್ ಇಳಿಯುವವರೆಗೆ ಕಾಯುವ ತಾಳ್ಮೆ ಎಲ್ಲವೂ ಅವನಿಗೆ ಬಂತು. ಮರೆಯುತ್ತಿದ್ದದ್ದು ಒಂದೇ, ಕಾಫಿಗೆ ಮುಂಚೆ ಗಿರಾಕಿಯ ಮುಂದೆ ಇಡಬೇಕಾದ ಒಂದು ಲೋಟ ಬಾವಿನೀರು. "ನಾಲಿಗೆ ತೊಳೀದೆ ಕಾಫಿ ಕುಡಿಯೋದೂ ಒಂದೇ, ಮೈ ತೊಳೀದೆ ಪೂಜೆಗೆ ಕೂರೋದೂ ಒಂದೇ. ತಣ್ಣೀರೇ ಇಡ್ಬೇಕು ಕಣಪ್ಪ. ಕಾಯ್ಸಿದ ನೀರು ಸಪ್ಪೆ, ನಾಲಿಗೆ ಸಾಯ್ತದೆ" ಎಂದು ಕೊಟ್ಟೂರಪ್ಪ ಹೇಳಿದ್ದೇ ಹೇಳಿದ್ದು. ಒಮ್ಮೆ ಮತ್ತೆ ಮರೆತಾಗ ಗಿರಾಕಿಗಳೆದುರೇ ಬೈದು ಕಾಫಿಯನ್ನು ಬಚ್ಚಲಿಗೆ ಸುರಿದಿದ್ದ. ಶಿವಯೋಗಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅವನು ಯಾವತ್ತೂ ಮರೆಯಲಿಲ್ಲ.

ಕಲ್ಯಾಣದುರ್ಗದಲ್ಲಿ ಶಿವಯೋಗಪ್ಪ ಕ್ಲಬ್ಬು ತೆರೆದಾಗ ಕೊಟ್ಟೂರಪ್ಪ ಉಡುಗೊರೆ ಕೊಟ್ಟದ್ದೂ ಹಿತ್ತಾಳೆಯ ನೀರಿನ ಲೋಟಗಳನ್ನೇ. ಕುಡಿಯುವವನ ಕಣ್ಣಿಗೆ ಬೀಳಲೆಂದು ಪ್ರತಿ ಲೋಟದ ಒಳತಳದಲ್ಲಿ ತನ್ನ ಹೆಸರು ಕೊರೆಸಿದ್ದ. ಹೋದ ವಾರ ಕಲ್ಯಾಣದುರ್ಗದ ಹತ್ತಿರದ ಬೆಳುಗುಪ್ಪಕ್ಕೆ ವಾಂತಿಭೇದಿ ಬಂತೆಂದು ತಿಳಿದಾಗ ಶಿವಯೋಗಪ್ಪನಿಗೆ ಬಸ್ಸಿನ ಡ್ರೈವರನ ಕೈಲಿ ಹೇಳಿ ಕಳಿಸಿದ್ದ: "ಕಾಫಿ ಕುಡೀರಿ, ಊರಿಗೆಲ್ಲ ಕುಡಿಸಿ. ಕುದ್ದಿದ್ದು, ಏನೂ ಆಗಲ್ಲ."

ಬೀದಿಯ ಉದ್ದಕ್ಕೂ ಬಾಗಿಲುಗಳ ಮುಂದೆ ಸುಣ್ಣ ಚೆಲ್ಲಿತ್ತು. ಕ್ಲಬ್ಬಿಗೆ ಬೀಗ. ಹಿಂದಿನ ಮನೆಯ ಹೊಸ್ತಿಲಲ್ಲಿ ತಂಗಿ ಗುರುಶಾಂತಮ್ಮ ಕೂತಿದ್ದಳು. ಬಳೆಯಿಲ್ಲದ ಅವಳ ಬರಿಗೈ ನೋಡಿ ಕೊಟ್ಟೂರಪ್ಪನ ಕಂಕುಳಿಂದ ಡಬ್ಬ ಜಾರಿತು.

"ಮೊನ್ನೆ ಮಣ್ಣು ಮಾಡಿದ್ರು ಕಣಣ್ಣ" ಎಂದಳು. "ನಿಂಗೆ ಹೇಳಿ ಕಳ್ಸೋಕೂ ಒಂದು ನರಪಿಳ್ಳೆ ಇರ್ಲಿಲ್ಲ."

"ಕಾಫಿ ಕುಡೀತಿರ್ಲಿಲ್ವಾ?" ತಂಗಿಯ ಗಂಡ ಸತ್ತಿದ್ದಾನೆ, ಅವನ ಬಾಯಿಗೆ ಮೊದಲು ಬಂದ ಮಾತು ಅದು. ಹಾಳು ಬಾಯಿ.

"ಕುಡೀತಿದ್ರು. ಊರಿಗೆಲ್ಲ ಕುಡಿಸಿದ್ರು. ನೀನು ಹೇಳಿ ಕಳ್ಸಿದ ಮ್ಯಾಲೆ ಜನ ಮುಗಿಬಿದ್ದು ಬಂದ್ರು. ಅವರಲ್ಲೂ ಸುಮಾರು ಜನ ಹೋಗ್ಬುಟ್ರು."

"ಹಂಗಾದ್ರೆ ಇನ್ನೇನೋ ತಿಂದವ್ರೆ. ಸೆಟ್ಟೂರ ಕಡೆ ಎಲ್ಲಾದ್ರೂ ಊಟ ಗೀಟ ಮಾಡಿದ್ನಾ? ಹಾಲು ಕೆಟ್ಟಿತ್ತಾ? ಕಾಫೀಲಿ ಬರೋಕೆ ಸಾಧ್ಯವೇ ಇಲ್ಲ ಕಣಮ್ಮ!"

"ಕಾಫೀಲಿ ಬರ್ಲಿಲ್ಲಣ್ಣ" ಎಂದು ಅವಳು ಎದ್ದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಡಿಕಾಕ್ಷನ್ನಿನ ವಾಸನೆ ಬಂತು. ಹದ ಒಂದಿಷ್ಟೂ ತಪ್ಪಿರಲಿಲ್ಲ. ಗಂಡ ಕಲಿತದ್ದನ್ನೆಲ್ಲ ಹೆಂಡತಿಗೂ ಕಲಿಸಿದ್ದ. ಅಲ್ಲಿಯವರೆಗೆ ವಾದ ಮಾಡುತ್ತಿದ್ದ ಕೊಟ್ಟೂರಪ್ಪ ಆ ವಾಸನೆಗೆ ಮುಖ ಮುಚ್ಚಿಕೊಂಡು ಅತ್ತ.

ಗುರುಶಾಂತಮ್ಮ ಮೊದಲು ಹಿತ್ತಾಳೆ ಲೋಟದಲ್ಲಿ ನೀರು ತಂದಿಟ್ಟಳು. ಮತ್ತೆ ಒಳಗೆ ಹೋಗಿ ಕಾಫಿ ತಂದಳು. ಅವನ ಕೈ ಕಾಫಿಯ ಕಡೆ ಹೋಯಿತು.

"ಮೊದ್ಲು ನೀರು ಕುಡಿ ಅಣ್ಣ."

"ಕಾಯ್ಸಿದ್ದಾ?"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು. ಅವಳು ಅಣ್ಣನನ್ನೇ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಕಾಯ್ಸಿ ಆರ್ಸಿದ್ದೇ ಕಣಣ್ಣ, ಹೆದರ್ಬ್ಯಾಡ. ನೀರು ಕಾಯ್ಸಿ ಕುಡೀರಿ ಅಂತ ದಂಡೋರ ಹಾಕ್ದಾಗ ಗಿರಾಕಿಗೆ ಇಡೋ ನೀರೂ ಕಾಯ್ಸಾಣ ಅಂದೆ. ಅವ್ರು ಬ್ಯಾಡ ಅಂದ್ಬುಟ್ರು. ನಿಮ್ಮಣ್ಣ ಬಂದ್ರೆ ಎಲ್ರ ಮುಂದೆ ಬೈದು ಕಾಫಿ ಚೆಲ್ತಾರೆ ಅಂದ್ರು. ಡಿಕಾಕ್ಷನ್ ರುಚಿ ನೋಡೋ ಮುಂಚೆ ತಾವೂ ಅದೇ ಬಾವಿನೀರು ಕುಡೀತಿದ್ರು, ನೀನು ಹೇಳ್ಕೊಟ್ಟಂಗೆ."

ಕೊಟ್ಟೂರಪ್ಪ ಲೋಟ ಎತ್ತಿಕೊಂಡ. ತುಟಿಯವರೆಗೆ ತರಲಾಗಲಿಲ್ಲ. ನೀರು ತಿಳಿಯಾಗಿತ್ತು, ತಳದಲ್ಲಿ ಅವನ ಹೆಸರು ಒಂದಕ್ಷರವೂ ಮಾಸದೆ ಕಾಣುತ್ತಿತ್ತು.