ಮೂರನೇ ಚಕ್ರದ ನಿಂಬೆಹಣ್ಣು

ಕಸ್ತೂರಿ, ಕೊಳ್ಳಲು ಬಂದಿದ್ದ ಹಳೆಯ ಪುಟ್ಟ ವಿಮಾನದ ಮೂರನೇ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಾಗಲೇ, ಮಾರುವವನು ಅವಳ ಕುಟುಂಬದ ನಾಲ್ವರ ತೂಕ ಕೂಡಿಸಿ ಅಡ್ಡಡ್ಡ ತಲೆಯಾಡಿಸಿದ. ಸೀಟು ನಾಲ್ಕಿದ್ದರೂ, ಟ್ಯಾಂಕ್ ತುಂಬಿಸಿದರೆ ಮಣ್ಣಿನ ರನ್‌ವೇಯಿಂದ ಇದು ಮೂವರನ್ನಷ್ಟೇ ಎತ್ತುತ್ತದೆ ಎಂದ. ಕಸ್ತೂರಿಯ ಆರು ವರ್ಷದ ನರ್ಸ್ ಕೆಲಸದ ಉಳಿತಾಯಕ್ಕೆ ಇದಕ್ಕಿಂತ ದೊಡ್ಡದು ಪರ್ತ್‌ನಲ್ಲೆಲ್ಲೂ ಇರಲಿಲ್ಲ.

"ಪರ್ವಾಗಿಲ್ಲ, ಕ್ಯಾಂಪಿಂಗ್‌ಗೆ ಮಕ್ಕಳನ್ನ ಕರ್ಕೊಂಡು ನಾನು ಹಾರ್ತೀನಿ," ಎಂದ ಗಂಡ ವಸಂತಕುಮಾರ್, ಅವಳತ್ತ ತಿರುಗದೆ. "ಇವಳು ಲಗೇಜ್ ಹಾಕ್ಕೊಂಡು ಕಾರಲ್ಲಿ ಬರ್ತಾಳೆ."

ಹಿಂದಿನ ಸೀಟಿನಲ್ಲಿ ಆಗಲೇ ಬೆಲ್ಟ್ ಬಿಗಿದುಕೊಂಡಿದ್ದ ಮಗಳು ನಿಖಿತಾ, "ಸೌಂಡ್ಸ್ ಗುಡ್, ಡ್ಯಾಡ್," ಎಂದಳು.

ಕಸ್ತೂರಿ ಬಗ್ಗಿ, ಮೂರೂ ನಿಂಬೆಹಣ್ಣುಗಳನ್ನು ಒಂದೊಂದಾಗಿ ಎತ್ತಿ, ಧೂಳು ಒರೆಸಿ ಬ್ಯಾಗಿಗೆ ಹಾಕಿಕೊಂಡಳು.

"ಪೂಜೆ ಮಾಡಲ್ವಾ?" ಎಂದ ಗಂಡ.

"ಪೂಜೆ ಮಾಡೋದು ಕೊಂಡ್ಕೊಂಡ ಮೇಲೆ ಅಲ್ವಾ," ಎಂದಳು ಅವಳು, ಅವನತ್ತ ತಿರುಗದೆ.