ಕೈಬಿಡದ ಕಲಾವರ್ ಎರಡು

“ಎಲೆ ಕೆಳಗಿಡೋ ಮುಂಚೆ ಅದರ ಮೇಲೆ ಬರೆದಿರೋ ಪ್ರಶ್ನೆ ಓದ್ರಿ, ಉತ್ತರ ಹೇಳ್ರಿ. ಹೇಳಾಕೆ ಆಗಲಿಲ್ಲ ಅಂದ್ರೆ ಆ ಎಲೆ ನಿಮ್ಮ ಕೈಯಾಗೇ ಇರ್ಲಿ. ಇದಕ್ಕೆ ಒಪ್ಪಿದ್ರೆ ಮಾತ್ರ ಚಾ,” ಎಂದು ದ್ಯಾಮಮ್ಮ ಇಸ್ಪೀಟಿನ ಕಟ್ಟನ್ನು ಚಾಪೆಯ ನಡುವೆ ಇಟ್ಟಳು. ಗಂಡ ಮಹೇಶ್ವರಪ್ಪ ಎಲೆಗಳನ್ನು ಬಿಡಿಸಿ ನೋಡಿ ಹೌಹಾರಿದ. ಒಂದೊಂದರ ನಡುವೆಯೂ ಮೈದಾ ಅಂಟು ಬಳಿದು ಪುಟ್ಟ ಚೀಟಿ ಮೆತ್ತಿತ್ತು. ಚೀಟಿಯ ತುಂಬ ಮಗಳು ಕಸ್ತೂರಿಯ ದುಂಡು ಅಕ್ಷರ. “ಹೊಸಾ ಕಟ್ಟು ಕಣೇ ಇದು!” ಎಂದ. “ಹೊಸಾ ಆಟಕ್ಕೆ ಹಳೇ ಕಟ್ಟು ಯಾಕೆ?” ಎಂದು ಅವಳು ಬಾಗಿಲ ಹಿಂದೆ ಹೋಗಿ ನಿಂತಳು.

ನ್ಯಾಮತಿಯ ಸಂತೆಗೆ ಬರುವ ಚನ್ನಗಿರಿಯ ವ್ಯಾಪಾರಿ ಕಲ್ಲೇಶಪ್ಪ, ಕೆಲಸ ಮುಗಿದ ಮೇಲೆ ಮಹೇಶ್ವರಪ್ಪನ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ರಮ್ಮಿಗೆ ಕೂರುವುದು ಹತ್ತು ವರ್ಷದ ರೂಢಿ. ಈಗ ಅವನ ಮಗನಿಗೆ ಕಸ್ತೂರಿಯನ್ನು ಕೇಳಿದ್ದರು. ಹುಡುಗ ಕಸ್ತೂರಿಯ ಮನಸ್ಸಿಗೂ ಬಂದಿದ್ದ. ಆದರೆ ಮನೆ ಎಂಥದ್ದು? ದ್ಯಾಮಮ್ಮ ಗಂಡನನ್ನು ಕೇಳಿದಳು. “ಕಲ್ಲೇಶಪ್ಪನಾ? ನಂಗೊತ್ತಿಲ್ಲೇನು! ಜೋಕರ್ ಸಿಕ್ರೂ ಮುಖದಾಗೆ ತೋರ್ಸಲ್ಲ,” ಎಂದ ಪುಣ್ಯಾತ್ಮ. “ಹೆಂಡ್ತಿನ ಹೆಂಗೆ ನೋಡ್ಕಂತಾರೆ?” ಎಂದರೆ, “ಅದು ರಮ್ಮಿಯಾಗೆ ಬರಲ್ಲ ಕಣೇ,” ಎಂದ. ಹತ್ತು ವರ್ಷ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತ ಗಂಡಸರು ಆಡಿದ್ದು ಇಷ್ಟೇ: ಎಲೆ ಹಾಕ್ರಿ, ಎಲೆ ಎತ್ರಿ. ದ್ಯಾಮಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಾಯಿತು. ಏನೂ ಗೊತ್ತಿಲ್ಲದ ಮನೆಗೆ ಹೆತ್ತ ಮಗಳನ್ನು ಕಳಿಸುವುದು ಹೇಗೆ? ಅದಕ್ಕೇ ತಾಯಿ ಮಗಳು ಕೂಡಿ ಈ ಚೀಟಿಗಳನ್ನು ಮೆತ್ತಿದ್ದರು.

ಕಲ್ಲೇಶಪ್ಪ ಮೊದಲ ಎಲೆ ಓದಿದ. ಚಿಕ್ಕವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ? “ನಮ್ಮ ಓಣಿ ಹುಣಸೆಮರಕ್ಕೆ. ಈಗ್ಲೂ ಅದರ ಕೆಳಗೆ ಹೋಗೋವಾಗ ಸೈಕಲ್ ಬೆಲ್ ಹೊಡ್ಕಂತಾನೇ ಹೋಗ್ತೀನಿ,” ಎಂದು ತಾನೇ ನಕ್ಕ. ಮಹೇಶ್ವರಪ್ಪನ ಎಲೆ, ಕೊನೆಯ ಸಲ ಅತ್ತಿದ್ದು ಯಾವಾಗ ಎಂದು ಕೇಳಿತ್ತು. ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಕಸ್ತೂರಿ ಎಸ್ಸೆಸ್ಸೆಲ್ಸಿ ಪಾಸಾದಾಗ. ಅಂಗಡಿಯಾಗೆ, ಬೆಲ್ಲದ ಮೂಟೆ ಹಿಂದೆ.” ಇದು ದ್ಯಾಮಮ್ಮನಿಗೇ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಟಕ್ಕೆ ರಂಗೇರಿತು. ಅಷ್ಟರಲ್ಲಿ ಕಲ್ಲೇಶಪ್ಪನ ಕೈಗೆ ಕಲಾವರ್ ಎರಡು ಬಂತು. ಯಾವ ಜೊತೆಗೂ ಸೇರದ ಎಲೆ. ಯಾರಾದರೂ ಮರುಕ್ಷಣವೇ ಎಸೆಯುವಂಥದ್ದು. ಅವನು ಚೀಟಿ ಓದಿದ, ಎಲೆಯನ್ನು ಎಲ್ಲಕ್ಕಿಂತ ಹಿಂದೆ ಸಿಕ್ಕಿಸಿಕೊಂಡ. ಅದನ್ನು ಎಸೆಯಲಾಗದೆ ಕೈಯಲ್ಲಿದ್ದ ಒಳ್ಳೊಳ್ಳೆ ಎಲೆಗಳನ್ನೆಲ್ಲ ಇಳಿಸಿದ. ಕೊನೆಗೆ ಮಹೇಶ್ವರಪ್ಪ ಶೋ ಮಾಡಿ ಗೆದ್ದು, “ಏನ್ರೀ, ಕೂಡಿದ ಸಿಕ್ವೆನ್ಸೇ ಒಡೆದು ಹಾಕೀರಲ್ಲ!” ಎಂದು ಆ ಎಲೆ ಕಿತ್ತುಕೊಂಡು ಜೋರಾಗಿ ಓದಿದ. “ನಿಮ್ಮ ಹೆಂಡತಿಗೆ ಯಾವ ಅಡುಗೆ ಎಂದರೆ ಪ್ರಾಣ?”

“ನಂಗೊತ್ತಿಲ್ಲ ಕಣ್ರೀ,” ಎಂದ ಕಲ್ಲೇಶಪ್ಪ.

“ಹೋಳಿಗೆ ಅಂದಿದ್ರೆ ಮುಗೀತಿತ್ತಲ್ರೀ!”

“ಆಟದಾಗೆ ಮೋಸ ಮಾಡಾಕೆ ನಂಗೆ ಬರಲ್ಲ ಮಹೇಶ್ವರಪ್ಪಾರೇ,” ಎಂದು ಕಲ್ಲೇಶಪ್ಪ ಚಾ ಕುಡಿಯದೆ ಬಸ್ಸಿಗೆ ಹೊರಟೇಬಿಟ್ಟ.

“ಬ್ಯಾಡ ಕಣೇ ಆ ಮನೆ,” ಎಂದಳು ದ್ಯಾಮಮ್ಮ. “ಇಷ್ಟು ವರ್ಷ ಸಂಸಾರ ಮಾಡಿ ಹೆಂಡ್ತಿ ನಾಲಿಗೆ ರುಚಿ ಗೊತ್ತಿಲ್ಲ ಅಂದ್ರೆ ಹೆಂಗೆ?” ಕಸ್ತೂರಿಯ ಮುಖ ಸಣ್ಣದಾಯಿತು. ಆದರೂ ಬಿಡಲಿಲ್ಲ. “ಗೊತ್ತಿಲ್ಲ ಅಂತ ಸೋತ್ರು ಕಣವ್ವ. ಸುಳ್ಳು ಹೇಳಿ ಗೆಲ್ಲಲಿಲ್ಲ. ಬರೋ ಸಂತೆತನಕ ತಡಿ,” ಎಂದಳು.

ಮುಂದಿನ ಸಂತೆಗೆ ಕಲ್ಲೇಶಪ್ಪ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. “ಕೇಳ್ದೆ ಕಣ್ರೀ! ನನ್ನ ಹೆಂಡ್ತಿ ಕೊಟ್ರಮ್ಮ ಮೊದ್ಲು ನಂಗೆ ಜ್ವರ ಬಂದೈತೇನೋ ಅಂತ ಹಣೆ ಮುಟ್ಟಿ ನೋಡಿದ್ಲು. ಆಮೇಲೆ, ಯಾರೂ ಕೇಳಿಲ್ಲ, ಮರ್ತೇ ಹೋಗೈತೆ ಅಂದ್ಲು. ಮಾರನೇ ದಿನ ಪಾತ್ರೆ ತೊಳೀತಾ ಹೇಳಿದ್ಲು. ಬೇರೆ ಯಾರಾರ ಮಾಡಿ ಬಡ್ಸಿದ್ರೆ ಯಾವುದಾದ್ರೂ ಸೈ, ಅಂತ.”

ದ್ಯಾಮಮ್ಮ ಬಾಗಿಲು ದಾಟಿ ಈಚೆ ಬಂದಿದ್ದಳು. “ಮತ್ತೆ ಏನು ಮಾಡಿದ್ರಿ?”

“ಮಾಡೋದೇನು, ಉಪ್ಪಿಟ್ಟು! ಉಪ್ಪು ಎರಡು ಸಲ ಬಿದ್ದಿತ್ತು. ನಕ್ಕಂತ ನಕ್ಕಂತ ಅಷ್ಟೂ ತಿಂದ್ಲು. ಇಂಥದೊಂದು ಕಟ್ಟು ನಮ್ಮನೆಗೂ ಬೇಕಂತೆ ನೋಡ್ರಿ.”

ದ್ಯಾಮಮ್ಮ ಮಗಳತ್ತ ತಿರುಗಿದಳು. ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ ತಲೆಯಾಡಿಸಿದಳು. “ಕಟ್ಟು ಯಾಕ್ರೀ ಬೀಗರೇ,” ಎಂದಳು ದ್ಯಾಮಮ್ಮ, “ಬರೆಯೋಳನ್ನೇ ಕಳಿಸ್ತೀವಿ, ಕರ್ಕಂಡು ಹೋಗ್ರಿ.”

ಪಡಸಾಲೆಯ ತುಂಬ ನಗು. ದ್ಯಾಮಮ್ಮ ಮಾತ್ರ ಚಾ ಕಾಸಲು ಒಳಗೆ ಹೋಗಲಿಲ್ಲ. ಚಾಪೆಯ ಮೇಲೆ ಬೀಗರ ಎದುರಿಗೆ ಆರಾಮಾಗಿ ಕೂತು, ಗಂಡನ ಮುಖವನ್ನೇ ನೋಡಿದಳು. ಮಹೇಶ್ವರಪ್ಪ ಕೈಯಲ್ಲಿದ್ದ ಎಲೆಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಎದ್ದು ಅಡುಗೆಮನೆಗೆ ಹೋದ. ಡಬ್ಬಿಗಳು ಬೀಳುವ ಸದ್ದಾಯಿತು. ಆಮೇಲೆ ಒಳಗಿಂದ ದನಿ ಬಂತು:

“ಏನೇ, ಈ ಸ್ಟೋವಿಗೆ ಎಷ್ಟು ಸಲ ಪಂಪ್ ಹೊಡೀಬೇಕು?”