ಹಳೆಯ ಹೊಲಿಗೆ

ಪಂಕ್ಚರ್ ಅಂಗಡಿಯವನ ಹೊಟ್ಟೆಯ ಮೇಲಿನ ಹಳೆಯ ಗಾಯದ ಗುರುತಿನ ಮೇಲೆ ಬೆರಳಾಡಿಸುತ್ತಿದ್ದ ವೈದ್ಯೆ ಕೈ ನಿಲ್ಲಿಸಿದರು.

"ಇದು ಯಾವಾಗಿನ ಆಪರೇಷನ್?"

"ಹಳೇದು ಡಾಕ್ಟ್ರೇ. ಕರುಳು ತೂತಾಗಿತ್ತು. ಈಗೇನೂ ತೊಂದ್ರೆ ಇಲ್ಲ," ಎಂದು ಅವಸರದಲ್ಲಿ ಅಂಗಿ ಇಳಿಸಿಕೊಂಡ.

ಈಗ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ತಿಳಿದ ದಿನವೂ ಅವನು ಇಷ್ಟು ಹೆದರಿರಲಿಲ್ಲ. ಸಣ್ಣ ಸಣ್ಣ ತೂತು ಕೊರೆದು, ಹೊಟ್ಟೆಗೆ ಗಾಳಿ ತುಂಬಿ, ಕ್ಯಾಮೆರಾ ಇಳಿಸಿ ಗಡ್ಡೆ ತೆಗೆಯುತ್ತಾರಂತೆ ಎಂದು ಯಾರೋ ಹೇಳಿದ್ದರು. ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದ. ಉದ್ದಕ್ಕೆ ಸೀಳುವುದೆಂದರೆ ಅವನಿಗೆ ಪ್ರಾಣಭಯ. ಆ ಹಳೆಯ ಆಪರೇಷನ್ನಿನಲ್ಲಿ ಹಾಗೇ ಸೀಳಿದ್ದರು. ಮನೆಗೆ ಬಂದ ಮೇಲೆ ಒಂದು ಕೆಮ್ಮು ಬಂತು ನೋಡಿ, ಹೊಲಿಗೆ ಬಿಟ್ಟುಕೊಂಡು ಹಾಸಿಗೆಯೆಲ್ಲ ರಕ್ತ. ಮತ್ತೆ ಹೊಲಿಸಿಕೊಂಡು ಬಂದವನು ಗಾಯ ಮಾಯುವ ತನಕ ಕೆಮ್ಮಿದರೂ ಸೀನಿದರೂ ಹೊಟ್ಟೆಗೊಂದು ದಿಂಬು ಅವುಚಿಕೊಂಡೇ ಬದುಕಿದ್ದ. ನಗುವುದನ್ನಂತೂ ಬಿಟ್ಟೇಬಿಟ್ಟಿದ್ದ.

"ಗಡ್ಡೆ ಚಿಕ್ಕದು, ಹೃದಯ ಗಟ್ಟಿ ಇದೆ. ಸಣ್ಣ ತೂತಿಂದಲೇ ಶುರು ಮಾಡ್ತೀವಿ," ಎಂದರು ವೈದ್ಯೆ. "ಆದ್ರೆ ಹಳೇ ಹೊಲಿಗೆ ಹತ್ರ ಕರುಳು ಒಳಗೆ ಅಂಟಿಕೊಂಡಿದ್ರೆ ದೊಡ್ಡದಾಗಿ ತೆರೀಬೇಕಾಗುತ್ತೆ. ಅದಕ್ಕೂ ನೀವು ಒಪ್ಪಬೇಕು."

"ಅಂಟಿದೆಯೋ ಇಲ್ವೋ ಈಗಲೇ ಹೇಳಿ."

"ಒಳಗೆ ನೋಡೋ ತನಕ ಹೇಳಕ್ಕಾಗಲ್ಲ."

"ಅಂಟಿದ್ರೆ ಮುಚ್ಚಿ ಕಳಿಸಿಬಿಡಿ. ಸೀಳೋದು ಬೇಡ."

"ಕಳಿಸಬಹುದು. ಗಡ್ಡೆನೂ ನಿಮ್ಮ ಜೊತೆಗೇ ಬರುತ್ತೆ."

ಮೂಲೆಯಲ್ಲಿ ಕೂತಿದ್ದ ಹೆಂಡತಿ ಅಷ್ಟು ಹೊತ್ತಿಗೆ ಬಾಯಿ ಬಿಟ್ಟಳು. "ಎಷ್ಟು ತೂತು ಅಂತ ಗಿರಾಕಿ ಕೇಳಿದ್ರೆ ನೀವೇನಂತೀರಿ? ಟ್ಯೂಬು ಬಿಚ್ಚೋ ತನಕ ಹೇಳಕ್ಕಾಗಲ್ಲ ಅಂತೀರಿ ತಾನೆ? ಅವರು ಮರುಮಾತಾಡದೆ ಗಾಡಿ ಬಿಟ್ಟು ಹೋಗ್ತಾರೆ."

"ಅವರು ಗಾಡಿ ಬಿಟ್ಟು ಹೋಗ್ತಾರೆ ಕಣೇ. ಇಲ್ಲಿ ನಾನೇ ಗಾಡಿ."

ಅವಳು ನಗಲಿಲ್ಲ. "ಸರಿ, ನಡೀರಿ ಮನೆಗೆ. ಆಮೇಲೆ ಅಂಗಡಿ ಬಾಗಿಲು ನಾನೊಬ್ಬಳೇ ತೆಗೀತೀನಿ," ಎಂದಳು. ಎದ್ದು ಬಾಗಿಲ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾವುದಕ್ಕೂ ಜಗ್ಗದ ಹೆಂಗಸು ಹೀಗೆ ಅಳುವುದನ್ನು ಅವನು ಕಂಡಿರಲಿಲ್ಲ. ಒಪ್ಪಿಗೆ ಕಾಗದ ಎಳೆದುಕೊಂಡು ಸಹಿ ಹಾಕಿದ.

ಆಪರೇಷನ್ ಟೇಬಲ್ಲಿನ ಮೇಲೆ, ಮೂಗಿನತ್ತ ಮಾಸ್ಕು ಬರುವಾಗ, "ಟ್ಯೂಬು ಹಳೇದು ಡಾಕ್ಟ್ರೇ, ಗಾಳಿ ನಿಧಾನಕ್ಕೆ ತುಂಬಿ," ಎಂದ. ಸುತ್ತಲಿದ್ದವರು ನಕ್ಕರು. ಅವನು ತಮಾಷೆ ಮಾಡಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು.

ಎಚ್ಚರವಾದಾಗ ಬಾಯಿ ಒಣಗಿತ್ತು. ಹೊಟ್ಟೆ ಬೇರೆ ಯಾರದೋ ಎಂಬಂತೆ ಮರಗಟ್ಟಿತ್ತು. ಹೊದಿಕೆಯೊಳಗೆ ಕೈ ಹಾಕಿ ನೋಡಲು ಧೈರ್ಯ ಸಾಲದೆ ಹೆಂಡತಿಯ ಮುಖ ನೋಡಿದ.

"ಗಡ್ಡೆ ಪೂರ್ತಿ ತೆಗೆದ್ರಂತೆ," ಎಂದಳು. ಅವಳ ಕಣ್ಣು ಕೆಂಪಾಗಿತ್ತು.

"ಎಷ್ಟು ತೂತು?"

ಅವಳು ತನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಮೇಲಿಂದ ಕೆಳಕ್ಕೆ ಒಂದು ಉದ್ದ ಗೆರೆ ಎಳೆದು ತೋರಿಸಿದಳು. ಅಷ್ಟರಲ್ಲಿ ಅವನ ಗಂಟಲಲ್ಲಿ ಕೆರೆತ ಶುರುವಾಯಿತು. ಉಸಿರು ಬಿಗಿ ಹಿಡಿದ. ಹಿಡಿದಷ್ಟೂ ಕೆಮ್ಮು ಮೇಲಕ್ಕೆ ಬಂತು.

ಅವಳು ಬಗ್ಗಿ ಚೀಲದಿಂದ ಮನೆಯ ಆ ಹಳೆಯ ದಿಂಬನ್ನು ತೆಗೆದಳು. ಅವನ ಹೊಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಒತ್ತಿದಳು.

"ಕೆಮ್ಮಿ," ಎಂದಳು. "ನಾನು ಹಿಡ್ಕೊಂಡಿದೀನಿ."